ಏಳು ಎಣಿಸಿದರೆ ಎಂಟು

ಮಂಗಳವಾರ ಬೆಳಿಗ್ಗೆ ಒಂಬತ್ತು ಹನ್ನೆರಡಕ್ಕೆ ಭಾರತೀನಗರದ ಖಾಸಗಿ ಕಾಲೇಜೊಂದಕ್ಕೆ ಇಮೇಲ್ ಬಂತು. ‘ಕಟ್ಟಡದಲ್ಲಿ ಬಾಂಬ್ ಇದೆ.’ ಅಷ್ಟೇ.

ಎಂಟುನೂರು ವಿದ್ಯಾರ್ಥಿಗಳು ರಸ್ತೆಗೆ ಓಡಿಬಂದರು. ಒಬ್ಬ ಹುಡುಗಿ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡಳು. ಪೊಲೀಸ್ ನಾಯಿ ಬಂತು, ಮೂಸಿತು, ಹೋಯಿತು. ಬಾಂಬ್ ಇರಲಿಲ್ಲ. ಕಾಲೇಜಿನ ಪರೀಕ್ಷೆ, ಗಡುವುಗಳೆಲ್ಲ ಒಂದು ವಾರ ಮುಂದಕ್ಕೆ ಬಿದ್ದವು.

ಗುರುವಾರ ಮಧ್ಯಾಹ್ನ ಜಾಡು ಸಿಕ್ಕಿತು. ಇಮೇಲ್ ಹೋದದ್ದು ಮದ್ದೂರಿನ ಮೆಕ್ಯಾನಿಕ್ ನಜೀರ್ ಅಹ್ಮದನ ಮನೆಯ ವೈಫೈನಿಂದ. ಅವನ ಮಗ ಆಸಿಮ್ ಅದೇ ಕಾಲೇಜಿನ ವಿದ್ಯಾರ್ಥಿ. ಮಂಗಳವಾರವೇ ಅವನಿಗೆ ಹಿಂದೆ ನಪಾಸಾಗಿದ್ದ ವಿಷಯದ ಪರೀಕ್ಷೆಯಿತ್ತು.

“ಇನ್ನೇನ್ರೀ ಬೇಕು?” ಮಂಡ್ಯದಿಂದ ಇನ್ಸ್‌ಪೆಕ್ಟರ್ ಫೋನಿನಲ್ಲಿ ಗುಡುಗಿದರು. “ನಾಳೆ ಹತ್ತು ಗಂಟೆವರೆಗೂ ಟೈಮು. ಬೇರೆ ಏನೂ ಸಿಗ್ಲಿಲ್ಲ ಅಂದ್ರೆ ಹುಡುಗನ್ನ ಎತ್ತಾಕಂಡ್ ಬನ್ನಿ.”

ನಜೀರನ ಮನೆಯ ಮುಂದೆ ನಿಂತಿದ್ದ ಸೈಬರ್ ಠಾಣೆಯ ಎಸ್‌ಐ ಅರುಂಧತಿ ಫೋನ್ ಜೇಬಿಗಿಟ್ಟರು. ಊಟದ ಡಬ್ಬಿ ಜೀಪಿನಲ್ಲಿ ಹಾಗೇ ತಣ್ಣಗಾಗಿತ್ತು. ಮಗಳ ಶಾಲೆಯ ಪೋಷಕರ ಸಭೆ ಇವತ್ತೂ ತಪ್ಪಿತ್ತು, ಎರಡನೇ ಸಲ. ಹುಡುಗನ ಫೋನು, ಲ್ಯಾಪ್‌ಟಾಪ್ ಜಾಲಾಡಿಯಾಗಿತ್ತು. ಏನೂ ಇರಲಿಲ್ಲ. ಅಳಿಸಿರಬಹುದು, ಇಲ್ಲದೆಯೂ ಇರಬಹುದು.

* * *

“ಮೇಡಂ, ನಮ್ ವೈಫೈಗೆ ಬೀಗ ಐತೆ,” ಎಂದ ಆಸಿಮ್. “ಹದಿನಾರು ಅಕ್ಷರದ ಪಾಸ್‌ವರ್ಡು. ಹೊರಗಿನೋರು ಯಾರೂ ಒಳೀಕೆ ಬರಕ್ಕಾಗಲ್ಲ.”

“ಲೋ, ನಿನ್ ಕುತ್ಗೆಗೆ ನೀನೇ ಹಗ್ಗ ಹಾಕ್ಕತಾ ಇದ್ದೀಯ ಕಣ್ಲಾ. ಹೊರಗಿನೋರು ಅಲ್ಲಾಂದ್ರೆ ಒಳಗಿನೋರು ತಾನೆ?”

ಅರುಂಧತಿ ಗದರಿ, ಕಿಟಕಿ ಪಕ್ಕದ ರೂಟರಿನತ್ತ ಬೆರಳು ತೋರಿಸಿದರು.

“ಎಷ್ಟು ಸಾಮಾನು ಸೇರ್ಸಿದ್ದೀಯ ಇದ್ಕೆ?”

“ಏಳು. ಮೂರು ಫೋನು, ನನ್ ಲ್ಯಾಪ್‌ಟಾಪು, ಟೀವಿ, ವರ್ಕ್‌ಶಾಪಿನ ಎರಡು ಕ್ಯಾಮೆರಾ.”

ರೂಟರಿನ ಆ್ಯಪ್ ತೆರೆದ. ಪಟ್ಟಿಯಲ್ಲಿ ಏಳು ಸಾಲು. ಒಂದರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲದ್ದು. ಅರುಂಧತಿ ಅದರ ಮೇಲೆ ಬೆರಳಿಟ್ಟರು.

“ಒಂದೊಂದೇ ಆರಿಸ್ಕಂಡ್ ಬಾ.”

ಫೋನು ಆರಿತು, ಕ್ಯಾಮೆರಾ ಆರಿತು. ಆ ಸಾಲು ಅಲುಗಲಿಲ್ಲ. ಟೀವಿ ಆರಿಸಿದ್ದೇ ತಡ, ಪಟಕ್ಕನೆ ಮಾಯವಾಯಿತು.

“ಯಾರ್ಲಾ ಅದು ಟೀವಿ ಆರ್ಸಿದ್ದು?” ಒಳಗಿನಿಂದ ಅಜ್ಜಿ ಜಾನ್ ಬೀ ಕೂಗಿದರು. “ಅತ್ತೆ ಸೊಸೆಗೆ ವಿಸ ಆಕ್ತಾ ಅವ್ಳೆ, ಈಗ್ಲೇ ಆರ್ಸ್ಬೇಕಾ?”

ಅರುಂಧತಿ ಹಣೆ ಒತ್ತಿಕೊಂಡರು. ಅದು ಟೀವಿಯದೇ ಹೆಸರು. ಅರ್ಧ ಗಂಟೆ ದಂಡ.

“ಪಾಸ್‌ವರ್ಡು ಯಾರಿಗೆ ಹೇಳಿದ್ದೀರಿ, ನಜೀರಣ್ಣ?”

ನಜೀರ್ ಎಣ್ಣೆಗೈ ಒರೆಸಿಕೊಂಡ. “ಗಾಡಿ ರಿಪೇರಿಗೆ ಬಂದೋರು ಸುಮ್ಕೆ ಕೂತಿರ್ತಾರೆ, ಮೇಡಮ್ಮೋರೇ. ಟೀ ಕೊಡ್ತೀನಿ. ವೈಫೈ ಕೇಳ್ತಾರೆ. ಟೀ ಕೊಟ್ಟು ಅದ್ನ ಇಲ್ಲಾ ಅನ್ನಕ್ಕಾಯ್ತದಾ?”

“ಎಷ್ಟ್ ಜನಕ್ಕೆ?”

“ಅರ್ಧ ಮದ್ದೂರಿಗೆ.”

“ಅಬ್ಬಾ!” ಆಸಿಮ್ ತಲೆ ಹಿಡಿದುಕೊಂಡ.

“ಆದ್ರೆ ಈ ರೂಟರು ಹೊಸದಲ್ವಾ? ಪಾಸ್‌ವರ್ಡೂ ಹೊಸದು ತಾನೆ?” ರೂಟರಿನ ಮೇಲಿನ ಪ್ಲಾಸ್ಟಿಕ್ ಹಾಳೆ ನೋಡಿ ಅರುಂಧತಿ ಕೇಳಿದರು.

“ಭಾನುವಾರ ಹಾಕ್ಸಿದ್ದು. ಪಾಸ್‌ವರ್ಡು ಹಳೇದೇ,” ಆಸಿಮ್ ತಗ್ಗಿದ ದನಿಯಲ್ಲಿ ಹೇಳಿದ. “ವೈಫೈ ಹೆಸರೂ ಹಳೇದೇ. ಹೊಸದು ಇಟ್ರೆ ಏಳಕ್ಕೂ ಮತ್ತೆ ಹೊಡೀಬೇಕು. ಅಜ್ಜಿ ಟೀವಿ ಒಂದಕ್ಕೇ ಅರ್ಧ ದಿನ ಓಯ್ತದೆ.”

ಅರುಂಧತಿ ಅವನ ಫೋನಿನತ್ತ ಬಾಗಿದರು. “ಈಗಿರೋದಲ್ಲ. ಬಂದು ಹೋಗಿರೋದು ತೋರ್ಸು.”

ಅಲ್ಲಿತ್ತು ಎಂಟನೆಯದು. ಬರೀ ಅಂಕಿ ಅಕ್ಷರಗಳ ಉದ್ದ ಸಾಲು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ದಿನವೂ ಒಂಬತ್ತು ಗಂಟೆ ಹತ್ತು ನಿಮಿಷದ ಸುಮಾರಿಗೆ ಬಂದು ಐದಾರು ನಿಮಿಷಕ್ಕೆ ಹೊರಟುಹೋಗಿತ್ತು.

ಅವರು ಕಿಟಕಿಯಾಚೆ ನೋಡಿದರು. ರಸ್ತೆಯ ಆ ಬದಿಗೆ ಬಸ್ ನಿಲ್ದಾಣ.

“ಒಂಬತ್ತೂಕಾಲಿಗೆ ಯಾವ ಬಸ್ಸು?”

“ಮಳವಳ್ಳಿದು,” ಎಂದ ನಜೀರ್. “ಭಾರತೀನಗರದ ಮೇಲೇ ಓಯ್ತದೆ.”

* * *

ಶುಕ್ರವಾರ ಒಂಬತ್ತಕ್ಕೆ ಅರುಂಧತಿ ಸೀರೆಯುಟ್ಟು ನಿಲ್ದಾಣದ ಬೆಂಚಿನಲ್ಲಿ ಕೂತಿದ್ದರು. ಹತ್ತು ಹನ್ನೆರಡು ಜನ. ಎಲ್ಲರ ಕೈಯಲ್ಲೂ ಫೋನು. ಪಕ್ಕದಲ್ಲಿ ಚೀಲ ತಬ್ಬಿಕೊಂಡವರೊಬ್ಬರು ಕ್ರಿಕೆಟ್ ತುಣುಕು ನೋಡುತ್ತಿದ್ದರು.

“ಎದುರು ಮನೆಗೆ ಪೊಲೀಸ್ ಬಂದಿತ್ತಂತೆ?” ಅರುಂಧತಿ ಸುಮ್ಮನೆ ಕೇಳಿದರು.

“ಬಾಂಬ್ ಕೇಸು ಕಣಮ್ಮ. ಆ ಹುಡುಗ ನನ್ ಸ್ಟೂಡೆಂಟೇ. ಓದಕ್ಕೆ ಸೋಮಾರಿ.”

ಅರುಂಧತಿ ಕೆಮ್ಮಿದರು. ಅದೇ ಸನ್ನೆ. ಕಿಟಕಿಯಲ್ಲಿ ಕಾದಿದ್ದ ಆಸಿಮ್ ರೂಟರಿನ ಪ್ಲಗ್ ಕಿತ್ತ.

“ಥೂ, ನಿಂತೋಯ್ತು!” ಮೇಷ್ಟ್ರು ಫೋನ್ ಮೇಲೆತ್ತಿ ಅಲ್ಲಾಡಿಸಿದರು.

ಬೇರೆ ಯಾರೂ ತಲೆಯೆತ್ತಲಿಲ್ಲ. ಎರಡು ನಿಮಿಷ ಬಿಟ್ಟು ಆಸಿಮ್ ಮತ್ತೆ ಹಾಕಿದ, ಮತ್ತೆ ಕಿತ್ತ. ಮೇಷ್ಟ್ರು ಮತ್ತೆ ಬೈದರು. ಮಳವಳ್ಳಿ ಬಸ್ಸು ಬಂತು. ಅವರು ಏಳುವ ಮೊದಲೇ ಅರುಂಧತಿ ಚೀಲ ಹಿಡಿದಿದ್ದರು.

“ಈ ಬಸ್ಸು ಬುಡಿ, ಸಾರ್. ಫೋನ್ ಕೊಡಿ ಇಲ್ಲಿ.”

* * *

ಅವರನ್ನು ನಜೀರನ ಮನೆ ಜಗಲಿಯಲ್ಲೇ ಕೂರಿಸಿ ವಿಚಾರಿಸಿದರು. ಹೆಸರು ಚಲುವರಾಜು. ಕಾಲೇಜಿನಲ್ಲಿ ಉಪನ್ಯಾಸಕರು. ಫೋನಿನಲ್ಲಿ ಸುಳ್ಳು ಹೆಸರಿನ ಇಮೇಲ್ ಖಾತೆ ಹಾಗೇ ಇತ್ತು. ತಿದ್ದಬೇಕಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಬಸ್ಸಿನಲ್ಲಿ ಮರೆತಿದ್ದರು. ಮಂಗಳವಾರ ಒಪ್ಪಿಸಬೇಕಿತ್ತು. ಹುಡುಕಲು ಒಂದು ವಾರ ಬೇಕಿತ್ತು, ಅದಕ್ಕೇ ಬಾಂಬಿನ ಸುಳ್ಳು.

“ನನ್ ಡೇಟಾದಲ್ಲಿ ಹೋಗ್ತದೆ, ಸುಳ್ ಹೆಸ್ರು ಸಾಕು ಅಂದ್ಕಂಡೆ,” ಎಂದು ತೊದಲಿದರು. “ವೈಫೈ ಹೆಂಗೆ...”

“ಎರಡು ವರ್ಷದ ಹಿಂದೆ ನಿಮ್ ಸ್ಕೂಟರ್ ರಿಪೇರಿಗೆ ಇಲ್ಲಿ ಕೂತಿದ್ರಂತೆ. ನಜೀರಣ್ಣಂಗೆ ನೆನಪೈತೆ,” ಎಂದರು ಅರುಂಧತಿ. “ಪಾಸ್‌ವರ್ಡು ನೀವು ಮರ್ತ್ರಿ, ನಿಮ್ ಫೋನ್ ಮರೀಲಿಲ್ಲ. ಹಳೇ ರೂಟರಿನ ಸಿಗ್ನಲ್ ರಸ್ತೆ ದಾಟ್ತಿರ್ಲಿಲ್ಲ. ಹೊಸದು ದಾಟ್ತದೆ. ಹೆಸರು ಅದೇ, ಬೀಗ ಅದೇ. ಸೋಮವಾರದಿಂದ ನಿಮ್ ಫೋನು ತಾನಾಗೇ ಈ ಮನೆ ಒಳಕ್ಕೆ ಬರ್ತಾ ಐತೆ.”

ಚಲುವರಾಜು ಆಸಿಮ್ ಕಡೆ ತಿರುಗಿದರು. “ನಿಮ್ಮನೇ ವೈಫೈ ಅಂತ ನಂಗೊತ್ತಿರ್ಲಿಲ್ಲಪ್ಪಾ.”

“ನಿನ್ನೆ ಗೊತ್ತಾಯ್ತಲ್ಲ ಸಾರ್. ಪೊಲೀಸು ನಮ್ಮನೇಗೆ ಬಂದವ್ರೆ ಅಂತ,” ಎಂದ ಆಸಿಮ್. “ಆಗ್ಲೂ ನೀವು ಸುಮ್ಕಿದ್ರಿ.”

ಮೇಷ್ಟ್ರು ಚೀಲದ ದಾರ ನೋಡುತ್ತ ಕೂತರು. ಹತ್ತು ಗಂಟೆಗೆ ಇನ್ಸ್‌ಪೆಕ್ಟರರ ಫೋನ್ ಬಂತು.

“ಕರ್ಕಂಡ್ ಬತ್ತಿದೀನಿ ಸಾರ್,” ಎಂದರು ಅರುಂಧತಿ. “ಹುಡುಗನ್ನಲ್ಲ. ಅವನ ಮೇಷ್ಟ್ರನ್ನ.”

ಒಳಗೆ ಆಸಿಮ್ ಪಾಸ್‌ವರ್ಡ್ ಬದಲಿಸಿದ. ಏಳೂ ಒಟ್ಟಿಗೆ ಸತ್ತವು. ಜಾನ್ ಬೀ ಟೀವಿಯ ಮುಂದೆ ಕೂಗಾಡತೊಡಗಿದರು. ಅವನು ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಹುಡುಕುತ್ತ ಕೂತ.

ನಜೀರ್ ಜೀಪಿನವರೆಗೆ ಟೀ ಲೋಟ ತಂದ. ಕಣ್ಣು ಒದ್ದೆಯಾಗಿತ್ತು.

“ಕುಡೀರಿ ಮೇಡಮ್ಮೋರೇ. ಹೊಸ ಪಾಸ್‌ವರ್ಡು ಹೇಳ್ಲಾ?”

“ಟೀ ಸಾಕು,” ಎಂದರು ಅರುಂಧತಿ.