ಬಾಗಿಲು ತೆರೆದು ಕಟ್ಟಬೇಕಾದ ಪಟ್ಟಿ

"ನೀನು ಸೂಜಿ ಅಲ್ಲ ಕಣೋ, ಮೊಂಡು ಸೂಜಿ! ನನ್ನ ತಂಗೀನ ಕಾರೊಳಗಿಟ್ಟು ಹೊಲಿದೇಬಿಟ್ಟಿದ್ದೀಯಲ್ಲೋ!"

ಅವಳ ಅಣ್ಣ ಹೀಗೆ ಕೂಗಿದ್ದೇ ತಡ, ಸಾಮಾನು ಇಳಿಸುತ್ತಿದ್ದವರೆಲ್ಲ ಮೆಟ್ಟಿಲ ಮೇಲೇ ನಿಂತು ನಕ್ಕರು. ಪಕ್ಕದ ಮನೆಯವರೂ ಕಿಟಕಿಗೆ ಬಂದರು.

ತಪ್ಪು ಸೂಜಿಯದೇ. ಬೀದಿಯ ಮೂಲೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವ ಅವನಿಗೆ ಅದೇ ಹೆಸರು ನಿಂತುಬಿಟ್ಟಿತ್ತು. ಮನೆ ಖಾಲಿ ಮಾಡಿ ಹೊರಟಿದ್ದ ಅವಳ ಮನೆಯವರ ಕಾರಿನ ಮೇಲೆ ಕ್ಯಾರಿಯರ್ ಕೂರಿಸಲು ಅಡ್ಡ ಕಂಬಿಗಳೇ ಇರಲಿಲ್ಲ. ಬೋಳು ತಲೆಯಂಥ ಚಾವಣಿ. ಅದಕ್ಕೇ ದಪ್ಪ ರೆಕ್ಸಿನ್‌ನಲ್ಲಿ ಚೀಲದಂಥ ಕ್ಯಾರಿಯರ್ ಹೊಲಿದು, ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ಹಾಸಿದ್ದ. ಚೀಲ ಬಿಗಿಯುವ ಪಟ್ಟಿಗಳನ್ನು ಬಾಗಿಲ ಸಂದಿನಲ್ಲಿ ಹಾಯಿಸಿದರೆ ತಾನೇ ಹೊಲಿದ ಬಾಗಿಲ ಕವರ್ ಸವೆದೀತೆಂದು, ಬಾಗಿಲುಗಳನ್ನು ಮುಚ್ಚಿ ಕಿಟಕಿಗಳಿಂದ ಹಾಯಿಸಿದ. ಒಳಗೆ ಕೂತು ತುದಿ ಎಳೆದುಕೊಡುತ್ತಿದ್ದವಳು ಅವಳು. ಬೆರಳಿಗೆ ಬೆರಳು ತಾಗಿದಾಗಲೆಲ್ಲ ಅವನ ಬುದ್ಧಿ ಮೇಯಲು ಹೋಗುತ್ತಿತ್ತು. ಬಿಗಿದು ಮುಗಿಸಿ ನೋಡಿದರೆ, ಒಂದು ಬಾಗಿಲೂ ತೆಗೆಯಲು ಬರದು!

ಬೇರೆ ದಿನವಾಗಿದ್ದರೆ ಎಲ್ಲ ಎಸೆದು ಹೋಗುತ್ತಿದ್ದ. ಶಾಲೆಯನ್ನೂ ಹಾಗೇ ಎಸೆದು ಬಂದವನು. ಮೂಗಿನ ತುದಿಯಲ್ಲೇ ಕೋಪ. ಆದರೆ ಗಾಜಿನಾಚೆ ಅವಳು ಬಾಯಿಗೆ ಅಂಗೈ ಒತ್ತಿ ನಗುತ್ತಿದ್ದಳು. ದಿನಾ ಕೆಲಸದಿಂದ ಬರುವಾಗ ಅಂಗಡಿಯೊಳಗೆ ಇಣುಕಿ "ಊಟ ಆಯ್ತೇನೋ ಸೂಜಿ?" ಎನ್ನುತ್ತಿದ್ದವಳು. ಅವನನ್ನು ಹಾಗೆ ಕೇಳುವ ಇನ್ನೊಂದು ಜೀವ ಈ ಭೂಮಿಯ ಮೇಲಿರಲಿಲ್ಲ.

"ಬಿಚ್ಚು ಮೊದ್ಲು! ಬಾಗಿಲು ತೆಗೆದಿಟ್ಟು ಒಳಗಿಂದ ಹಾಯಿಸ್ಬೇಕು, ಆಮೇಲೆ ಬಾಗಿಲು ಹಾಕ್ಬೇಕು. ಇಷ್ಟೂ ಗೊತ್ತಾಗಲ್ವಾ?" ಗೊಣಗುತ್ತ ಅಣ್ಣ ಅಮ್ಮನನ್ನು ಕರೆತರಲು ಮೇಲೆ ಹೋದ. ಉಳಿದವರೂ ಹಿಂದೆಯೇ ಹೋದರು.

ಪಟ್ಟಿ ಬಿಚ್ಚಿದ. ಬಾಗಿಲುಗಳು ರೆಕ್ಕೆಯಂತೆ ತೆರೆದುಕೊಂಡವು. ಹಿಂದಿನ ಸೀಟಿನ ಆ ತುದಿಗೆ ಅವಳು, ಈ ತುದಿಗೆ ಅವನು.

"ಕೋಪ ಬಂತಾ?"

"ಇಲ್ಲ."

"ಸುಳ್ಳು. ಕಿವಿ ಕೆಂಪಗಾಗಿದೆ."

"ಅದು ಕೋಪಕ್ಕಲ್ಲ."

ಪಟ್ಟಿ ಎಳೆಯುತ್ತಿದ್ದ ಅವಳ ಕೈ ನಿಂತಿತು. ಕಣ್ಣುಗಳು ಅವನ ಮುಖದ ಮೇಲೆ ನಿಂತು, ಜಾರಿ, ಮತ್ತೆ ಅಲ್ಲಿಗೇ ಬಂದವು.

"ಮತ್ಯಾಕೆ?"

"ನೀನಂದ್ರೆ ನಂಗಿಷ್ಟ. ಅದಕ್ಕೆ." ಜಗಳಕ್ಕೆ ನಿಂತವನ ಹಾಗೆ ಹೇಳಿದ.

"ಅಯ್ಯೋ ಮಹಾರಾಯ, ಗಂಟುಮೂಟೆ ಕಟ್ಟಿದ್ಮೇಲೆ ಹೇಳ್ತಿದ್ದೀಯಲ್ಲೋ! ಇಷ್ಟು ದಿನ ಎಲ್ಲಿದ್ದೆ?"

"ಮೆಷಿನ್ ಮುಂದೆ."

ಅವಳ ನಗು ಅರ್ಧಕ್ಕೇ ಮುರಿಯಿತು. "ಅಮ್ಮ ನನ್ನ ಕೈಯಲ್ಲಿ ಬಿಟ್ರೆ ಬೇರೆಯವರ ಕೈಯಲ್ಲಿ ಒಂದು ತುತ್ತೂ ತಿನ್ನಲ್ಲ ಕಣೋ. ಅವಳನ್ನ ಬಿಟ್ಟು ಹೇಗಿರ್ಲಿ?"

"ಗೊತ್ತು."

"ಆದ್ರೂ ಒಂದ್ಸಲ ಹೋಗ್ಬೇಡ ಅನ್ನು. ಕೇಳಿಸ್ಕೊಂಡು ಹೋಗ್ತೀನಿ."

"ಹೋಗ್ಬೇಡ."

ಅವಳು ಮುಖ ಮುಚ್ಚಿಕೊಂಡಳು. ನೋಡಲಾರದೆ ಅವನು ಹೊರಗೆ ಬಂದು, ಚಾವಣಿಯ ಮೇಲಿನ ಪಟ್ಟಿಯನ್ನು ಒಂದು ಸುತ್ತು ತಿರುವಿದ.

"ಯಾಕೆ ತಿರುವಿದ್ದು?" ಒಳಗಿಂದ ಒದ್ದೆ ದನಿ.

"ಕಾರು ಓಡುವಾಗ ಗಾಳಿಗೆ ಪಟ್ಟಿ ಗುಂಯ್ ಅನ್ನಬಾರದು ಅಂತ."

ಅವಳು ಈ ಕಡೆಗೆ ಸರಿದು ಅವನ ಮಣಿಕಟ್ಟು ಹಿಡಿದಳು. "ಬೇಡ. ಗುಂಯ್ ಅನ್ಲಿ ಬಿಡು. ದಾರೀಲಿ ಯಾರೋ ಜೊತೆಗಿದ್ದಂಗಿರತ್ತೆ."

ತಿರುವು ಬಿಡಿಸಿದ. ಬಕಲ್ ಬಿಗಿದ. ಚೀಲವನ್ನು ಅಲುಗಾಡಿಸಿದರೆ ಇಡೀ ಕಾರೇ ಅಲುಗಿತು; ಚೀಲ ಜಗ್ಗಲಿಲ್ಲ.

ಅಣ್ಣ ಅಮ್ಮನನ್ನು ತಬ್ಬಿ ನಡೆಸಿಕೊಂಡು ಬಂದ. ಹಿಂದೆ ಮಂದಿ. ಅಮ್ಮನನ್ನು ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂರಿಸಿದ. ಅಮ್ಮನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡ ತಂಗಿಯ ಒದ್ದೆ ಕಣ್ಣು ಅಣ್ಣನಿಗೆ ಕಂಡಿತು.

"ಯಾಕೇ ಅಳ್ತಿದ್ದೀಯಾ?" ಅವಳು ಅಮ್ಮನ ಸೆರಗು ಸರಿಮಾಡಿದಳು. ಅಣ್ಣ ಎಲ್ಲರೆದುರು ಸೂಜಿಯತ್ತ ತಿರುಗಿದ. "ಏನಂದೆಯೋ ಅವಳಿಗೆ? ಬಾಯಲ್ಲಿ ನಾಲಿಗೆ ಇಲ್ವಾ? ಹೇಳೋ!"

ಹೇಳಲು ಬಾಯಿತುಂಬ ಇತ್ತು. ಮುಷ್ಟಿಯೂ ಬಿಗಿದಿತ್ತು. ಆದರೆ ಇವನು ಒಂದು ಮಾತು ಆಡಿದರೆ, ಹೊಸ ಮನೆ ಮುಟ್ಟುವವರೆಗೂ ಅವಳು ನೂರು ಮಾತು ಕೇಳಬೇಕು.

"ನಿನ್ನನ್ನೇ ಕೇಳ್ತಿರೋದು!"

ಅವನು ಬೆನ್ನು ತಿರುಗಿಸಿ ಬೀದಿಯ ಮೂಲೆಯತ್ತ ನಡೆದ. ಹಿಂದೆ ಕಾರಿನ ಬಾಗಿಲುಗಳು ಒಂದೊಂದಾಗಿ, ಸಲೀಸಾಗಿ ಮುಚ್ಚಿಕೊಂಡವು.