ಹೀರೆ ಬಳ್ಳಿಯ ಹುಳಗಳು

“ಅಪ್ಪಾ, ಬೇಗ ಬಾ! ನನ್ನ ಹೀರೆ ಬಳ್ಳಿನೆಲ್ಲ ಹುಳ ತಿಂತಾ ಇದೆ! ಔಷಧಿ ಹೊಡಿ!”

ಸುಷ್ಮಿತಾ ಹಿತ್ತಲಲ್ಲಿ ನಿಂತು ಕೂಗುತ್ತಿದ್ದಳು. ಬೀಜ ಹಾಕಿದ್ದು ಅವಳು, ದಿನಾ ನೀರು ಹಾಕಿದ್ದೂ ಅವಳೇ. ಮೊದಲ ಕಾಯಿ ಶಾಲೆಯ ಬಿಸಿಯೂಟಕ್ಕೆ ಅಂತ ಕ್ಲಾಸಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ನೋಡಿದರೆ ಎಲೆಯೆಲ್ಲ ಜರಡಿ!

“ಚಾ ಕುಡಿದು ಬರ್ತೀನಿ, ಇರು,” ಎಂದರು ಅಪ್ಪ.

ಗೋಡೆಯಾಚೆಯಿಂದ ಪಕ್ಕದ ಮನೆಯ ಗಂಗಾಶ್ರೀಯ ತಲೆ ಮೇಲೆದ್ದಿತು.

“ಔಷಧಿ ಬೇಡ ಕಣೇ! ನಮ್ಮ ಬಚ್ಚಲ ಗೋಡೆ ತೂತಲ್ಲಿ ಮಡಿವಾಳ ಹಕ್ಕಿ ಮರಿ ಮಾಡಿದೆ. ನಿಮ್ಮ ಹುಳಾನೇ ಅವಕ್ಕೆ ಊಟ.”

“ನಿಮ್ಮ ಹಕ್ಕಿಗೆ ನೀವೇ ಊಟ ಹಾಕಿ!”

“ಹೋದ ವರ್ಷ ನೀವು ಔಷಧಿ ಹೊಡೆದ ಮೇಲೆ ಒಂದು ಮರಿನೂ ಉಳಿಲಿಲ್ಲ. ಬಂದು ನೋಡು, ಮಾರಾಯ್ತಿ.”

ನೋಡಿಕೊಂಡೇ ಜಗಳ ಆಡೋಣ ಎಂದು ಸುಷ್ಮಿತಾ ಗೋಡೆ ಹಾರಿದಳು.

ಇಬ್ಬರೂ ಬಚ್ಚಲ ಬಾಗಿಲ ಮರೆಯಲ್ಲಿ ನಿಂತರು. ಕಪ್ಪು ಬಿಳುಪಿನ ಹಕ್ಕಿಯೊಂದು ಬಾಲ ಎತ್ತಿಕೊಂಡು ಬಂದು ಕೂತಿತು. ಕೊಕ್ಕಿನಲ್ಲಿ ಹಸಿರು ಹುಳ. ಅದೇ ಹುಳ! ತೂತಿನಿಂದ ಮೂರು ಮರಿಗಳು ಬಾಯಿ ತೆರೆದವು. ತಲೆಗಿಂತ ಬಾಯಿಯೇ ದೊಡ್ಡದು. ಗಬಕ್! ಹುಳ ಮಾಯ.

ಸುಷ್ಮಿತಾಗೆ ನಗು ಬಂತು. ಅಷ್ಟರಲ್ಲಿ ಆಚೆಯಿಂದ ಅಪ್ಪ ಔಷಧಿ ಪಂಪಿಗೆ ಗಾಳಿ ಹಾಕುವ ಸದ್ದು ಕೇಳಿತು. ನಗು ನಿಂತೇ ಹೋಯಿತು.

“ಅಪ್ಪಾ, ಹೊಡಿಬೇಡ!” ಎಂದು ಓಡಿದಳು.

“ಅಯ್ಯೋ, ನೀನೇ ಹೊಡಿ ಅಂದ್ಯಲ್ಲೇ? ಕಾಯಿ ಬೇಡ್ವಾ?”

ಸುಷ್ಮಿತಾ ಬಳ್ಳಿ ನೋಡಿದಳು. “ಬೇಕು. ಹುಳ ನಾನೇ ತೆಗಿತೀನಿ.”

“ನೀನು? ಹುಳ ಕಂಡ್ರೆ ಚಪ್ಪಲಿ ಬಿಟ್ಟು ಓಡೋಳು!”

“ಗಂಗಾಶ್ರೀನೂ ಬರ್ತಾಳೆ.”

ಅಪ್ಪ ನಕ್ಕು ಪಂಪು ಕೆಳಗಿಟ್ಟರು. “ಸರಿ, ನೋಡಾಣ.”

ಅವತ್ತಿನಿಂದ ಇಬ್ಬರೂ ಕಡ್ಡಿ ಹಿಡಿದು, “ಅಯ್ಯಪ್ಪಾ! ಥೂ!” ಎನ್ನುತ್ತ ಹುಳಗಳನ್ನು ತೆಂಗಿನ ಚಿಪ್ಪಿಗೆ ಹಾಕಿ ಗೋಡೆಯ ಮೇಲೆ ಇಡತೊಡಗಿದರು. ಹಕ್ಕಿ ಮೊದಮೊದಲು ಅನುಮಾನದಿಂದ ನೋಡಿತು. ಆಮೇಲೆ ದಪ್ಪ ದಪ್ಪ ಹುಳಗಳನ್ನೇ ಆರಿಸಿಕೊಂಡು ಒಯ್ದಿತು.

ಒಂದು ಬೆಳಿಗ್ಗೆ ಬಳ್ಳಿಯಲ್ಲಿ ಬೆರಳುದ್ದದ, ಸೊಟ್ಟ ಕಾಯಿ ಕಂಡಿತು. ಹಿಗ್ಗಿಹೋದ ಸುಷ್ಮಿತಾ ಅದರ ಪಕ್ಕದ ಎಲೆ ಮಗುಚಿದಳು. ಅಡಿಯಲ್ಲಿ ಪುಟ್ಟದೊಂದು ಹುಳ. ಕಡ್ಡಿ ಮುಂದೆ ಹೋಯಿತು, ಹಾಗೇ ನಿಂತಿತು.

“ಏನಾದ್ರೂ ಸಿಕ್ತಾ?” ಗಂಗಾಶ್ರೀ ಕೇಳಿದಳು.

ಸುಷ್ಮಿತಾ ಎಲೆಯನ್ನು ಮೆಲ್ಲಗೆ ಮೊದಲಿನಂತೆಯೇ ಬಿಟ್ಟಳು.

“ಇದು ಇನ್ನೂ ಚಿಕ್ಕದು ಕಣೇ. ದಪ್ಪ ಆಗ್ಲಿ.”