ಎಡಗಾಲಿನ ಸಾಂಕ್ರಾಮಿಕ

ನರ್ಸ್ ಎಸ್ತೇರಮ್ಮ ಬೂದು ಬಣ್ಣದ ಕೈಗವಸು ತೊಟ್ಟು ಬಿಜಲಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮರುಕ್ಷಣವೇ ಅವರ ಹೊಟ್ಟೆಯ ಬಲಭಾಗದಲ್ಲಿ ಸಣ್ಣಗೆ ಹಿಂಡಿದಂತಾಯಿತು.

"ಇಲ್ಲೇ ಐತಿ, ಡಾಕ್ಟ್ರ. ನಿನ್ನಿಗಿಂತ ಕಡಿಮಿ ಆಗೇತಿ."

ಮದುವೆ ಮೆರವಣಿಗೆಯಲ್ಲಿ ವರನನ್ನು ಹೊರುವ ಬಿಳಿ ಕುದುರೆ ಬಿಜಲಿ, ಹೌದೆಂಬಂತೆ ಕಿವಿ ಆಡಿಸಿತು.

ಆ ಕೈಗವಸಿನ ಹೆಸರು ‘ಸಹವೇದಿ’. ಗದಗಿನ ಜನ-ಜಾನುವಾರು ಆಸ್ಪತ್ರೆಯ ಪಶುವೈದ್ಯ ಹಂಪಣ್ಣವರ್ ಅದನ್ನು ಮಾತು ಬಾರದ ಪ್ರಾಣಿಗಳಿಗಾಗಿ ರೂಪಿಸಿದ್ದರು. ನೋವಾದಾಗ ನರಗಳಲ್ಲಿ ಏಳುವ ಸೂಕ್ಷ್ಮ ವಿದ್ಯುತ್ತಿಗೆ ಅವರು ನೋವಿನಲೆ ಎನ್ನುತ್ತಿದ್ದರು. ಕೈಗವಸು ಅದನ್ನು ಹೀರಿ, ತೊಟ್ಟವರ ಮೈಯ ಅದೇ ಜಾಗಕ್ಕೆ ತುಸುವೇ ತಲುಪಿಸುತ್ತಿತ್ತು. ಪಕ್ಕದ ವಾರ್ಡಿನ ಡಾಕ್ಟರ್ ನಫೀಸಾ ಅದನ್ನು ಮನುಷ್ಯರಿಗೂ ಬಳಸತೊಡಗಿದರು. "ಕುದುರೆಗೆ ಮಾತು ಬರೋದಿಲ್ಲ. ನನ್ನ ಪೇಶಂಟುಗಳಿಗೆ ಮಾತು ಬರುತ್ತೆ, ನಿಜ ಬರೋದಿಲ್ಲ," ಎಂಬುದು ಅವರ ವಾದ.

ಎಸ್ತೇರಮ್ಮನೂ ಒಂದು ನಿಜವನ್ನು ಬಚ್ಚಿಟ್ಟಿದ್ದರು. ಎಡ ಹಿಮ್ಮಡಿಯಲ್ಲಿ ಮೂಳೆ ಬೆಳೆದು, ಕಾಲೂರಿದರೆ ಮುಳ್ಳು ತುಳಿದಂತಾಗುತ್ತಿತ್ತು. ನಿಲ್ಲಲಾಗದ ನರ್ಸನ್ನು ಔಷಧದ ಉಗ್ರಾಣಕ್ಕೆ ಹಾಕುವುದು ಅಲ್ಲಿನ ನಿಯಮ. ಉಗ್ರಾಣದ ತುಂಬ ಡಬ್ಬಿಗಳು. ಡಬ್ಬಿಗಳು ಕಿವಿ ಆಡಿಸುವುದಿಲ್ಲ. ಆದ್ದರಿಂದ ಅವರು ನಗುನಗುತ್ತಲೇ ಎರಡೂ ವಾರ್ಡುಗಳಲ್ಲಿ ಓಡಾಡಿಕೊಂಡಿದ್ದರು.

ಅಷ್ಟರಲ್ಲಿ ಬಿಜಲಿ ಎಡ ಹಿಂಗಾಲನ್ನು ಎತ್ತಿ ನಿಲ್ಲತೊಡಗಿತು. ಗೊರಸಿನಲ್ಲಿ ಏನೂ ಸಿಗಲಿಲ್ಲ. ಮಾರನೆಯ ದಿನ ಒಂದು ಆಡು ಕುಂಟಿತು. ಆಮೇಲೆ, ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಮಲಗಿದ್ದ ನಿವೃತ್ತ ಕಂಡಕ್ಟರ್ ಕಲ್ಲಪ್ಪ, "ಹೊಟ್ಟಿ ಆರಾಮ ಐತ್ರಿ. ಎಡಗಾಲಿನ ಹಿಮ್ಮಡ ಯಾಕ ಚುಚ್ಚತೈತಿ?" ಎಂದರು. ವಾರ ಮುಗಿಯುವುದರೊಳಗೆ ಇಡೀ ವಾರ್ಡು ಒಂದೇ ತಾಳದಲ್ಲಿ ಕುಂಟುತ್ತಾ ಬಚ್ಚಲಿಗೆ ಹೋಗಿಬರುತ್ತಿತ್ತು.

"ಕುದುರೆಯಿಂದ ಮನುಷ್ಯರಿಗೆ ಹಬ್ಬಿರೋ ಹೊಸ ರೋಗ ಇದು," ಎಂದರು ನಫೀಸಾ.

"ನಿಮ್ಮ ಕಂಡಕ್ಟರೇ ಯಾಕೆ ತಂದಿರಬಾರದು, ಮೇಡಂ?" ಎಂದರು ಹಂಪಣ್ಣವರ್.

"ಅವರು ಲಾಯದ ಕಡೆ ತಲೆ ಹಾಕಿಲ್ಲ."

"ನನ್ನ ಕುದುರೆ ಅವರ ಹಾಸಿಗೆಗೆ ಹೋಗಿತ್ತೇ?"

ರೋಗಕ್ಕೆ ‘ಅಶ್ವಪಾದ ಜ್ವರ’ ಎಂದು ಹೆಸರಿಟ್ಟರು. ಯಾರಿಗೂ ಜ್ವರವಿರಲಿಲ್ಲ, ಹೆಸರು ಮಾತ್ರ ಚೆನ್ನಾಗಿತ್ತು. ಬಿಜಲಿಯನ್ನು ಊರಾಚೆಯ ಪ್ರತ್ಯೇಕ ಕೊಟ್ಟಿಗೆಯಲ್ಲಿ ಒಂಟಿಯಾಗಿ ಇಡುವುದೆಂದು ತೀರ್ಮಾನವಾಯಿತು.

ವ್ಯಾನು ಬಂತು. ಕುದುರೆ ಮೂರು ಕಾಲಲ್ಲಿ ನಿಂತು ಎಸ್ತೇರಮ್ಮನನ್ನೇ ನೋಡಿತು. ಬೀಳ್ಕೊಡಲು ಕಲ್ಲಪ್ಪನೂ ಕುಂಟುತ್ತಾ ಬಂದರು, ಅದೇ ಕಾಲು. ಎಸ್ತೇರಮ್ಮನಿಗೆ ಥಟ್ಟನೆ ಹೊಳೆಯಿತು: ಕುಂಟುವವರೆಲ್ಲ ತಾನು ಕೈಗವಸು ತೊಟ್ಟು ಮುಟ್ಟಿದವರು.

ಸುಮ್ಮನಿದ್ದರೆ ವಾರ್ಡಿನ ಕೆಲಸ ತಮಗೇ ಉಳಿಯುತ್ತಿತ್ತು. ಅವರು ಚಪ್ಪಲಿ ಬಿಟ್ಟು ಊದಿದ ಹಿಮ್ಮಡಿ ತೋರಿಸಿದರು.

"ಕುದುರಿ ಬಿಡ್ರಿ, ಡಾಕ್ಟ್ರ. ಈ ನೋವು ನಂದು."

ಹಂಪಣ್ಣವರ್ ನಂಬಲಿಲ್ಲ. ನೋವಿನಲೆ ರೋಗಿಯಿಂದ ಕೈಗವಸು ತೊಟ್ಟವರಿಗೆ, ಒಂದೇ ದಿಕ್ಕಿಗೆ ಹರಿಯಬೇಕಿತ್ತು. ಎಸ್ತೇರಮ್ಮ ಸ್ಟೂಲಿನ ಮೇಲೆ ಕೂತು, ಕಾಲಿಗೆ ಬಿಡುವು ಕೊಟ್ಟು, ನೋವು ಇಳಿದ ಮೇಲೆ ಕೈಗವಸಿನಿಂದ ಕುದುರೆಯನ್ನು ಮುಟ್ಟಿದರು. ಗಳಿಗೆಯ ನಂತರ ಬಿಜಲಿ ಮೆಲ್ಲನೆ ನಾಲ್ಕನೆಯ ಕಾಲನ್ನೂ ನೆಲಕ್ಕೂರಿತು.

"ಕೈಗವಸಿಗೆ ಹಿಮ್ಮುಖ ತಡೆ ಹಾಕಿದರೆ ಸರಿಹೋಗುತ್ತೆ," ಎಂದು ಹಂಪಣ್ಣವರ್ ಗೊಣಗಿದರು. "ಆದರೆ ಸಿಸ್ಟರ್, ನೀವು ಉಗ್ರಾಣಕ್ಕೆ..."

"ಸುಮ್ಮನಿರ್ರಿ, ಸರ," ಎಂದರು ಕಲ್ಲಪ್ಪ. "ನಾನೂ ಬಸ್ಸಿನ್ಯಾಗ ನಿಂತು ನಿಂತು ಟಿಕೇಟು ಹರದಾಂವ. ನಿಂತವರ ಕಾಲು ಕುಂತವರಿಗೆ ತಿಳಿದದ್ದು ಇದ ಮೊದಲು. ಒಂದೊಂದು ಹಾಸಿಗಿಗೆ ಒಂದೊಂದು ಸ್ಟೂಲ್ ಇಡಸ್ರಿ, ಅಕ್ಕಾರು ಕುಂತು ನೋಡ್ತಾರ."

"ಲಾಯದಲ್ಲೂ ಒಂದು ಇರಲಿ. ಹಿಮ್ಮಡಿಯನ್ನು ನಾನೇ ನೋಡ್ತೀನಿ," ಎಂದರು ನಫೀಸಾ.

ಹಂಪಣ್ಣವರ್ ಆಗಲೂ ಪೂರ್ತಿ ಒಪ್ಪಲಿಲ್ಲ. ತಾವೇ ಕೈಗವಸು ತೊಟ್ಟು ಬಿಜಲಿಯ ಬೆನ್ನ ಮೇಲೆ ಕೈಯಿಟ್ಟು ಕಾದರು. ರೋಗದ ಗಡಿಬಿಡಿಯಲ್ಲಿ ಅವರು ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿರಲಿಲ್ಲ, ಹಸಿವಿಗೆ ಹೊಟ್ಟೆ ಹಿಂಡುತ್ತಿತ್ತು.

ಕುದುರೆ ತಿರುಗಿ ಅವರನ್ನು ಬಹಳ ಹೊತ್ತು ನೋಡಿತು. ಆಮೇಲೆ ತನಗೆಂದು ಇಟ್ಟಿದ್ದ ನೆನೆಸಿದ ಕಡಲೆಯ ಬುಟ್ಟಿಯನ್ನು ಮೂತಿಯಿಂದ ಅವರ ಕಡೆಗೆ ತಳ್ಳಿತು.